ಬೇರು, ಮಣ್ಣು ಸಮೇತ

ಕೊಪ್ಪಳ ಹೊಸ ಜಿಲ್ಲೆಯಾಗಿ ಏಳೆಂಟು ವರ್ಷ ಕಳೆದಿರಬಹುದು, ನಾನು ಕೃಷಿ ಸಹಾಯಕನಾಗಿ ಯಲಬುರ್ಗಾ ತಾಲೂಕಿಗೆ ಬಂದೆ. ಬಸ್ಸಿಳಿದು ಹೊಲಗಳ ನಡುವೆ ನಡೆಯುವುದೇ ನನ್ನ ನೌಕರಿ. ಬಿತ್ತುವ ಮುಂಚೆ ಬೀಜಕ್ಕೆ ಏನು ಹಚ್ಚಬೇಕು, ತೊಗರಿಗೆ ಹುಳ ಬಿದ್ದರೆ ಯಾವ ಔಷಧ ಹೊಡೆಯಬೇಕು ಎಂದು ಹೇಳುವುದು, ಯಾರ ಹೊಲದಲ್ಲಿ ಏನು ಬೆಳೆದಿದೆ ಎಂದು ಬರೆದುಕೊಳ್ಳುವುದು.

ಹಾಗೆ ತಿರುಗುತ್ತಿದ್ದಾಗ ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜನ ಪರಿಚಯವಾಯಿತು. ವಯಸ್ಸು ಅರವತ್ತು ದಾಟಿತ್ತು. ನಾಲ್ಕು ಎಕರೆ ಎರೆ ಹೊಲ, ಒಂದು ಬಾವಿ, ಮನೆಯಲ್ಲಿ ಹೆಂಡತಿ. ಮಗಳನ್ನು ಹನುಮಸಾಗರಕ್ಕೆ ಕೊಟ್ಟಿದ್ದರು. ಊರ ಹೊರಗೆ ಯಾರೋ ಸಾಧುವಿನ ಗದ್ದುಗೆ ಇತ್ತು. ಅಮಾವಾಸ್ಯೆಗೆ ಅಲ್ಲಿ ಕೂಡುವ ಭಜನೆಯವರಿಗೆ ಈ ಅಜ್ಜನೇ ಹಿರಿಯ. ಏಕತಾರಿ ಹಿಡಿದು ಕೂತರೆ ಹಲ್ಲಿಲ್ಲದ ಬಾಯಿಂದ ಅಷ್ಟು ಗಟ್ಟಿ ದನಿ ಹೇಗೆ ಬರುತ್ತದೆ ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಆ ಊರಿಗೆ ಹೋದ ದಿನ ಮಧ್ಯಾಹ್ನದ ರೊಟ್ಟಿ ಅವರ ಮನೆಯಲ್ಲೇ. ಬೇಡವೆಂದರೂ ಅಜ್ಜನ ಹೆಂಡತಿ ಬಿಡುತ್ತಿರಲಿಲ್ಲ; ನಾನು ಆಕೆಯನ್ನು ಅಮ್ಮ ಎಂದೇ ಕರೆಯುತ್ತಿದ್ದೆ. ತಾಟಿನಲ್ಲಿ ಎರಡು ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಮೇಲೆ ಒಂದಿಷ್ಟು ಶೇಂಗಾ ಚಟ್ನಿ.

ಬಾವಿಯ ದಂಡೆಯ ಮೇಲೆ ಹತ್ತು ಹನ್ನೆರಡು ಗಾಂಜಾ ಗಿಡಗಳಿದ್ದವು. ನೋಡಿದ ಮೊದಲ ದಿನವೇ ನನಗೆ ಗೊತ್ತಾಯಿತು. ಊಟ ಮುಗಿದ ಮೇಲೆ ಕೇಳಿದೆ.

“ಅಜ್ಜಾ, ಬಾವಿ ಹಂತ್ಯಾಕ ಅದಾವಲ್ಲ, ಅವು ಏನಂತ ನನಗ ತಿಳಿಯೂದಿಲ್ಲ ಅಂತ ಮಾಡೀರೇನು?”

“ತಿಳಿಬಾರ್ದು ಅಂದ್ರ ದಾರಿ ಮ್ಯಾಲ ಹಚ್ತಿದ್ನೇನ್ರಿ ಸಾಹೇಬ್ರ? ಗದ್ದಿಗಿಗೆ ಕೊಡೂದು ಅವು. ನಮ್ಮಪ್ಪನೂ ಕೊಡ್ತಿದ್ದ. ಅಮಾಸಿ ದಿನ ಒಂದೊಂದು ದಮ್ಮು ಎಳೀತೀವಿ, ಭಜನಿ ಮಾಡ್ತೀವಿ, ಎದ್ದು ಬರ್ತೀವಿ.”

“ಕಾಯ್ದೆ ಭಾಳ ಬಿಗಿ ಐತ್ರಿ. ಕಿತ್ತು ಒಗೀರಿ.”

“ಮಾರಿದ್ರ ತಪ್ಪು. ನಾ ಯಾರಿಗಿ ಮಾರೀನಿ?”

ಮಾರದಿದ್ದರೂ ತಪ್ಪೇ ಎಂದು ನಾನು ಹೇಳಬೇಕಿತ್ತು. ಹೇಳಿದೆನೋ ಇಲ್ಲವೋ ಈಗ ನೆನಪಿಲ್ಲ. ಹೇಳಿದ್ದರೂ ಗಟ್ಟಿಯಾಗಿ ಹೇಳಿರಲಿಕ್ಕಿಲ್ಲ. ಎರಡು ವರ್ಷ ಆ ಗಿಡಗಳ ಪಕ್ಕದಲ್ಲೇ ನಡೆದು ಹೋಗಿ ತೊಗರಿಯ ಹುಳ ನೋಡಿ ಬಂದಿದ್ದೇನೆ. ನನ್ನ ಬೆಳೆ ಪಟ್ಟಿಯಲ್ಲಿ ಆ ಹೊಲದ ಮುಂದೆ ತೊಗರಿ, ಸಜ್ಜೆ ಎಂದಷ್ಟೇ ಬರೆದಿದ್ದೇನೆ.

ಮೂರನೆಯ ವರ್ಷ, ಹಿಂಗಾರಿ ಮಳೆ ಬಿದ್ದ ಮರುದಿನ, ನಮ್ಮ ಕಚೇರಿಯ ಮುಂದೆ ಪೊಲೀಸ್ ಜೀಪು ನಿಂತಿತು. ಒಂದು ಜಪ್ತಿಗೆ ಸರ್ಕಾರಿ ನೌಕರರು ಇಬ್ಬರು ಪಂಚರಾಗಿ ಬೇಕು ಎಂದು ಸಬ್ ಇನ್ಸ್‌ಪೆಕ್ಟರು ಪತ್ರ ತಂದಿದ್ದರು. ನಮ್ಮ ಅಧಿಕಾರಿ ನನ್ನ ಹೆಸರು ಬರೆದರು. “ಹೋಗಿ ನಿಂತು ನೋಡಿ ಸಹಿ ಮಾಡಿ ಬರೂದು, ಅಷ್ಟ” ಎಂದರು. ಪಂಚಾಯಿತಿಯ ಒಬ್ಬ ವಯಸ್ಸಾದ ಗುಮಾಸ್ತರು ಆಗಲೇ ಜೀಪಿನಲ್ಲಿ ಕೂತಿದ್ದರು. ಎಲ್ಲಿಗೆ ಎಂದು ಕೇಳಿದೆ. “ಹೋದ ಮ್ಯಾಲ ಗೊತ್ತಾಕ್ಕೈತಿ” ಎಂದರು ಗುಮಾಸ್ತರು. ಜೀಪು ಡಾಂಬರು ರಸ್ತೆ ಬಿಟ್ಟು ಗದ್ದುಗೆಯ ಪಕ್ಕದ ಬಂಡಿದಾರಿಗೆ ಇಳಿದಾಗ ನನಗೆ ಗೊತ್ತಾಯಿತು. ಇಳಿದುಬಿಡಬೇಕು ಎನಿಸಿತು. ಏನೆಂದು ಹೇಳಿ ಇಳಿಯುವುದು?

ಅಜ್ಜ ಹೊಲದಲ್ಲಿ ಕಸ ಕೀಳುತ್ತಿದ್ದರು. ಜೀಪು ನೋಡಿ ಎದ್ದು ನಿಂತರು. ನನ್ನನ್ನು ಕಂಡ ಕೂಡಲೇ ಮುಖದ ಗಾಬರಿ ಇಳಿಯಿತು. ನಾನಿದ್ದೇನೆ, ಏನೂ ಆಗುವುದಿಲ್ಲ ಎಂದುಕೊಂಡರೇನೋ. “ಬರ್ರಿ ಸಾಹೇಬ್ರ” ಎಂದು ಎಂದಿನಂತೆ ಕರೆದರು. ನಾನು ಬಾವಿಯ ಕಡೆ ನೋಡುತ್ತ ನಿಂತೆ.

ಪೊಲೀಸರು ಹನ್ನೊಂದು ಗಿಡ ಕಿತ್ತರು. ಆಳೆತ್ತರ ಬೆಳೆದು ಹೂವಿಗೆ ಬಂದಿದ್ದವು. ಎರೆ ಮಣ್ಣು ಮಳೆಗೆ ನೆನೆದಿತ್ತು. ಒಂದೊಂದು ಗಿಡದ ಬುಡಕ್ಕೂ ಮಣ್ಣಿನ ಹೆಂಟೆ ಅಂಟಿಕೊಂಡೇ ಬಂತು. ಹಾಗೇ ಮೂರು ಕಟ್ಟು ಕಟ್ಟಿದರು. ಬೇವಿನ ಮರದ ಟೊಂಗೆಗೆ ಸ್ಪ್ರಿಂಗ್ ತಕ್ಕಡಿ ಇಳಿಬಿಟ್ಟು ಮೊದಲ ಕಟ್ಟನ್ನು ಕೊಂಡಿಗೆ ಹಾಕಿದಾಗ ನಾನು ಬಾಯಿಬಿಟ್ಟೆ.

“ಸರ, ಬೇರು ಕೊಯ್ದು ತೂಗ್ರಿ. ಮಣ್ಣು ಭಾಳ ಹತ್ತೈತಿ.”

ಸಬ್ ಇನ್ಸ್‌ಪೆಕ್ಟರು ನನಗಿಂತ ಚಿಕ್ಕವರು. ದರ್ಪದ ಮನುಷ್ಯರಲ್ಲ. ಅಜ್ಜನಿಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. “ಹ್ಯಾಂಗ ಸಿಕ್ಕಾವೋ ಹಂಗ ತೂಗಬೇಕ್ರಿ. ನಾ ಏನಾರ ಕೊಯ್ದ್ರ, ಸಾಕ್ಷಿ ಹಾಳ ಮಾಡ್ಯಾನ ಅಂತ ನನ್ನ ಕೇಳ್ತಾರ” ಎಂದರು. ಆಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದರು. “ಪ್ರತಿ ಮೀಟಿಂಗಿನ್ಯಾಗ ನಿಮ್ಮ ಠಾಣಾದ್ದು ಒಂದೂ ಕೇಸ ಇಲ್ಲಲ್ಲ ಅಂತಾರ್ರಿ. ನಾನೂ ನೌಕರಿ ಮಾಡಬೇಕು.”

ಮೂರು ಕಟ್ಟು ಸೇರಿ ಇಪ್ಪತ್ತೆರಡೂವರೆ ಕಿಲೋ ಆಯಿತು. ಪೇದೆಯೊಬ್ಬ ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಪಂಚನಾಮೆ ಬರೆದ. ‘ಹೂವು, ಕಾಯಿ, ಎಲೆಗಳಿಂದ ಕೂಡಿದ ಹಸಿ ಗಾಂಜಾ ಗಿಡಗಳು’ ಎಂದಿತ್ತು. ಬೇರಿನ ಮಾತಿಲ್ಲ, ಮಣ್ಣಿನ ಮಾತಿಲ್ಲ. ಗುಮಾಸ್ತರು ಓದದೆ ಸಹಿ ಮಾಡಿದರು. ನಾನು ಎರಡು ಸಲ ಓದಿ ಸಹಿ ಮಾಡಿದೆ. ಓದದೆ ಮಾಡಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ.

ಅಷ್ಟರಲ್ಲಿ ಅಮ್ಮ ಊರೊಳಗಿಂದ ಓಡಿ ಬಂದಿದ್ದರು. ಏನು ನಡೆಯುತ್ತಿದೆ ಎಂದು ಪೂರ್ತಿ ತಿಳಿದಿರಲಿಲ್ಲ. ಬಿಸಿಲಲ್ಲಿ ನಿಂತವರಿಗೆಂದು ಬಾವಿಯ ನೀರು ಸೇದಿ ಒಬ್ಬೊಬ್ಬರಿಗೂ ತಂಬಿಗೆ ಕೊಟ್ಟರು. ಪೊಲೀಸರೂ ಕುಡಿದರು, ನಾನೂ ಕುಡಿದೆ. ಅಜ್ಜನನ್ನು ಜೀಪಿಗೆ ಹತ್ತಿಸುವಾಗ ಆಕೆ ನನ್ನನ್ನೇ ಕೇಳಿದರು. “ಸಂಜಿ ಬಸ್ಸಿಗೆ ಬಿಡ್ತಾರೇನ್ರಿ ಸಾಹೇಬ್ರ?”

“ನೋಡೂಣ ತಡೀರಿ ಅಮ್ಮಾರ” ಎಂದೆ.

ಬಿಡಲಿಲ್ಲ. ಕಾಯ್ದೆಯಲ್ಲಿ ಇಪ್ಪತ್ತು ಕಿಲೋಕ್ಕೆ ಒಂದು ಗೆರೆ ಇದೆಯೆಂದು ನನಗೆ ತಿಳಿದದ್ದು ವಾರದ ಮೇಲೆ. ಅದರೊಳಗಿದ್ದರೆ ಜಾಮೀನಿನ ದಾರಿ ಇರುತ್ತದೆ; ಅದು ದಾಟಿದರೆ ವ್ಯಾಪಾರದ ಮಾಲು, ಜಾಮೀನು ಬಹಳ ಕಷ್ಟ. ಗಾಂಜಾ ಅಂದರೆ ಹೂ ಕಾಯಿ ಬಿಟ್ಟ ತುದಿ ಮಾತ್ರ ಎಂದು ಅದೇ ಕಾಯ್ದೆ ಹೇಳುತ್ತದೆ. ಕಾಂಡವನ್ನೂ ಬೇರನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹನ್ನೊಂದು ಗಿಡಗಳ ಬುಡದ ಮಣ್ಣನ್ನು ಆ ದಿನ ಕೊಡವಿದ್ದರೂ ಸಾಕಿತ್ತು, ಮೂರು ಕಟ್ಟು ಸೇರಿಯೂ ತೂಕ ಇಪ್ಪತ್ತರ ಹತ್ತಿರ ಬರುತ್ತಿರಲಿಲ್ಲ. ಮಣ್ಣು, ಬೇರು, ಗಿಡ ನನ್ನ ಕೆಲಸದ ವಿಷಯ. ಅಲ್ಲಿ ನಿಂತಿದ್ದವರಲ್ಲಿ ಅದು ಚೆನ್ನಾಗಿ ಗೊತ್ತಿದ್ದವನು ನಾನೊಬ್ಬನೇ.

ಅಮ್ಮ ತಿಂಗಳಿಗೊಮ್ಮೆ ಯಲಬುರ್ಗಾಕ್ಕೆ ಬಂದು, ಅಲ್ಲಿಂದ ಕೊಪ್ಪಳದ ಬಸ್ಸು ಹತ್ತಿ ಕೋರ್ಟಿಗೆ ಹೋಗುತ್ತಿದ್ದರು. ನಡುವೆ ನಮ್ಮ ಕಚೇರಿಗೆ ಬಂದು ಬಾಗಿಲ ಹೊರಗೆ ಕೂರುತ್ತಿದ್ದರು. ಒಳಗೆ ಕರೆದರೆ ಬರುತ್ತಿರಲಿಲ್ಲ. ಒಮ್ಮೆ ಅಂದರು.

“ಮಣ್ಣ ತೂಗ್ಯಾರಂತಲ್ರಿ. ಹೌದೇನು?”

“ಹೌದ್ರಿ ಅಮ್ಮಾರ.”

“ನೀವು ಕೋರ್ಟಿನ್ಯಾಗ ಅದನ್ನ ಹೇಳ್ತೀರಿಲ್ಲೋ?”

“ಹೇಳ್ತೀನಿ. ನಿಮ್ಮ ವಕೀಲರಿಗೆ ಹೇಳ್ರಿ, ನನ್ನ ಅದನ್ನ ಕೇಳಂತ.”

ಆಕೆ ವಕೀಲರಿಗೆ ಹೇಳಿದರು. ಸರ್ಕಾರವೇ ಕೊಟ್ಟ ವಕೀಲರು ಅವರು. ಆಯ್ತು ಎಂದರಂತೆ. ನಾನು ನನ್ನ ಅಧಿಕಾರಿಗೂ ತಿಳಿಸಿದೆ, ಹೀಗೆ ಹೀಗೆ ಹೇಳುವವನಿದ್ದೇನೆ ಎಂದು. ಅವರು ಚಷ್ಮಾ ತೆಗೆದು ಕಣ್ಣು ಉಜ್ಜಿಕೊಂಡರು. “ಪಂಚನಾಮಿಗೆ ಸಹಿ ಮಾಡಿದವ ನೀನ. ಈಗ ಉಲ್ಟಾ ಹೇಳಿದ್ರ ಸಾಕ್ಷಿ ತಿರುಗ್ಯಾನ ಅಂತ ಬರೀತಾರ. ಇಲಾಖಾ ವಿಚಾರಣಿ ಆಕ್ಕೈತಿ. ನಾ ಬ್ಯಾಡ ಅನ್ನೂದಿಲ್ಲ, ತಿಳ್ಕೊಂಡು ಮಾಡು” ಎಂದರು.

ಆ ಹೊತ್ತಿಗೆ ಗುಮಾಸ್ತರು ಕಾಯಿಲೆ ಬಿದ್ದು ತೀರಿಕೊಂಡರು. ಪಂಚನೆಂದು ಉಳಿದವನು ನಾನೊಬ್ಬನೇ. ಸಾಕ್ಷಿಗೆ ಕರೆ ಬರಲು ಮೂರು ವರ್ಷ ಹಿಡಿಯಿತು. ಅಜ್ಜ ಅಷ್ಟೂ ದಿನ ಜೈಲಿನಲ್ಲೇ ಇದ್ದರು.

ಈ ಮೂರು ವರ್ಷದಲ್ಲಿ ನನಗೆ ಗಂಗಾವತಿಗೆ ವರ್ಗವಾಯಿತು. ಅಲ್ಲಿ ನನ್ನ ತಮ್ಮನಿದ್ದ. ಅಕ್ಕಿ ಗಿರಣಿಯಲ್ಲಿ ಮಷಿನ್ ನೋಡಿಕೊಳ್ಳುವ ಕೆಲಸ, ಇಪ್ಪತ್ತೆಂಟು ವರ್ಷ, ಮದುವೆಯಾಗಿ ಎರಡು ವರ್ಷವಾಗಿತ್ತು. ಅವನು ಗಾಂಜಾ ಸೇದುತ್ತಾನೆಂದು ನನಗೆ ಅಲ್ಲಿ ಹೋದ ಮೇಲೆ ತಿಳಿಯಿತು. ಅಮಾವಾಸ್ಯೆಗೊಂದು ದಮ್ಮು ಎಂಬಂಥದ್ದಲ್ಲ. ಕೆಲಸ ಬಿಟ್ಟೊಡನೆ ಕಾಲುವೆ ಏರಿಯ ಮೇಲೆ ಗೆಳೆಯರೊಂದಿಗೆ ಕೂರುವುದು, ಪಾನ್ ಡಬ್ಬಿ ಅಂಗಡಿಯ ಹಿಂದೆ ಸಿಗುವ ಪೊಟ್ಟಣ ಬಿಚ್ಚುವುದು. ಎಲ್ಲಿಂದಲೋ ಬರುವ ಮಾಲು, ಏನೇನು ಬೆರೆಸುತ್ತಿದ್ದರೋ ಗೊತ್ತಿಲ್ಲ. ಒಂದು ದಿನ ಪೊಲೀಸರು ತಮ್ಮನೂ ಸೇರಿ ನಾಲ್ವರನ್ನು ಹಿಡಿದು ಠಾಣೆಯಲ್ಲಿ ಕೂರಿಸಿದರು. ನಾನು ಹೋಗಿ, ಜವಾಬ್ದಾರಿ ನನ್ನದೆಂದು ಬರೆದುಕೊಟ್ಟು ಅವನನ್ನು ಕರೆತಂದೆ. ಕೆನ್ನೆಯ ಮೇಲೆ ಬೆರಳು ಮೂಡಿದ್ದವು. ಅಲ್ಲಿದ್ದ ಹಿರಿಯ ಪೇದೆ ಹೇಳಿದರು.

“ನಮ್ಮ ಕೈಗೆ ಸಿಗೂದು ಸೇದಾವ್ರು ಅಷ್ಟರೀ. ತರಾವ್ರು ನಮ್ಮ ಕಣ್ಣಿಗೂ ಬೀಳೂದಿಲ್ಲ. ಇವ್ರನ್ನ ಹಿಡೀತೀವಿ, ಬಿಡ್ತೀವಿ, ಮತ್ತ ಹಿಡೀತೀವಿ.”

ಆಮೇಲೆ ತಮ್ಮನಿಗೆ ಯಾರೂ ಆಡದ ಮಾತುಗಳು ಕೇಳಿಸತೊಡಗಿದವು. ಗಿರಣಿ ಮಾಲೀಕರು ಟ್ಯೂಬ್‌ಲೈಟಿನೊಳಗೆ ಕೂತು ತನ್ನನ್ನು ನೋಡುತ್ತಾರೆ ಎನ್ನುತ್ತಿದ್ದ. ಹೆಂಡತಿ ಅನ್ನ ಬಡಿಸಿದರೆ ಮೊದಲು ನೀನು ತಿನ್ನು ಎನ್ನುತ್ತಿದ್ದ. ಕೆಲಸ ಹೋಯಿತು. ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತಿಂಗಳುಗಟ್ಟಲೆ ಇಟ್ಟೆವು. ಡಾಕ್ಟರನ್ನು ಕೇಳಿದೆ, ಇದು ಗಾಂಜಾದಿಂದಲೇ ಆದದ್ದೋ ಎಂದು. ಕೆಲವರಲ್ಲಿ ರೋಗ ಒಳಗೇ ಇರುತ್ತದೆ, ಇದು ಬಡಿದೆಬ್ಬಿಸುತ್ತದೆ, ಇಂಥದೇ ಕಾರಣ ಎಂದು ಹೇಳಲಾಗದು ಎಂದರು. ಗುಳಿಗೆ ನುಂಗಿ ತಮ್ಮ ದಪ್ಪವಾದ, ನಿಧಾನವಾದ. ಹೊಸಿಲ ಮೇಲೆ ಕೂತರೆ ಕೂತೇ ಇರುತ್ತಿದ್ದ.

ಕೋರ್ಟಿನ ಸಮನ್ಸು ಬಂದದ್ದು ಆಗಲೇ. ತಮ್ಮನ ಹೆಂಡತಿ ಆ ಕಾಗದ ಏನೆಂದು ಕೇಳಿದಳು. ಮುಚ್ಚಿಡಲು ಮನಸ್ಸಾಗಲಿಲ್ಲ, ಎಲ್ಲ ಹೇಳಿದೆ. ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

“ಭಾವಾರ, ನೀವು ಅದನ್ನ ಬೆಳ್ಯಾವ್ರ ಕಡಿ ಹೇಳ್ತೀರೇನು?”

“ಯಾರ ಕಡಿನೂ ಅಲ್ಲವಾ. ಮಣ್ಣು ತೂಗ್ಯಾರ, ಮಣ್ಣು ತೂಗ್ಯಾರ ಅಂತ ಹೇಳೂದು.”

“ಮಣ್ಣ ಇರ್ಲಿ. ಗಿಡ ಇತ್ತಿಲ್ಲೋ?”

“ಇತ್ತು.”

“ಮತ್ತ?” ಎಂದು ಹೊಸಿಲ ಮೇಲೆ ಕೂತ ಗಂಡನ ಕಡೆ ನೋಡಿದಳು. ಆ ಅಜ್ಜ ಯಾರಿಗೂ ಮಾರಿದವರಲ್ಲ, ನಿನ್ನ ಗಂಡ ಸೇದಿದ್ದು ಬೇರೆ ಕಡೆಯದು ಎಂದು ಹೇಳಬಹುದಿತ್ತು. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ಕೊಪ್ಪಳಕ್ಕೆ ಹೋದ ದಿನ ಅಜ್ಜನನ್ನು ಮೂರು ವರ್ಷದ ಮೇಲೆ ನೋಡಿದೆ. ಆರೋಪಿಯ ಕಟಕಟೆಯಲ್ಲಿ ಕಂಬಿ ಹಿಡಿದು ನಿಂತಿದ್ದರು. ಕೂದಲು ಸಣ್ಣಗೆ ಕತ್ತರಿಸಿದ್ದರು, ಅಂಗಿ ದೊಡ್ಡದಾಗಿತ್ತು. ನನ್ನ ಕಡೆ ಸ್ವಲ್ಪ ತಲೆಯಾಡಿಸಿದರು. ಅಮ್ಮ ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದರು.

ಪೊಲೀಸರ ಪರವಾಗಿ ವಾದಿಸುವ ಸರ್ಕಾರಿ ವಕೀಲರು ಪಂಚನಾಮೆ ತೋರಿಸಿದರು.

“ಈ ಸಹಿ ನಿಮ್ಮದೇ?”

“ಹೌದು.”

“ನಿಮ್ಮ ಎದುರಿಗೇ ಗಿಡ ಕಿತ್ತು ತೂಕ ಮಾಡಿದರೇ?”

“ಹೌದು.”

“ಎಷ್ಟು ತೂಕ?”

“ಇಪ್ಪತ್ತೆರಡೂವರೆ ಕಿಲೋ.”

ಆಮೇಲೆ ಅಜ್ಜನ ವಕೀಲರು ಎದ್ದರು. ಹೇಳಬೇಕಾದ ಮಾತನ್ನು ನಾನು ಬಸ್ಸಿನಲ್ಲಿ ಬರುವಾಗ ಮನಸ್ಸಿನಲ್ಲೇ ಹತ್ತಾರು ಸಲ ಹೇಳಿಕೊಂಡಿದ್ದೆ. ಇಲಾಖೆಯ ವಿಚಾರಣೆ ಆದರೆ ಆಗಲಿ ಎಂದು ಗಟ್ಟಿ ಮಾಡಿಕೊಂಡಿದ್ದೆ. ಅವರು ಕೇಳಿದ್ದು ಬೇರೆಯೇ.

“ನೀವು ಆ ಹೊಲಕ್ಕೆ ಹೋಗಿಯೇ ಇಲ್ಲ. ಠಾಣೆಯಲ್ಲಿ ಕೂತು, ಪೊಲೀಸರು ಹೇಳಿದ ಕಡೆ ಸಹಿ ಮಾಡಿದ್ದೀರಿ. ಹೌದಲ್ಲ?”

“ಇಲ್ಲ. ಹೋಗಿದ್ದೆ.”

“ಆ ಹೊಲದಲ್ಲಿ ಯಾವ ಗಾಂಜಾ ಗಿಡವೂ ಇರಲಿಲ್ಲ ಎಂದು ನಾನು ಹೇಳುತ್ತೇನೆ.”

ನಾನು ಅಜ್ಜನ ಕಡೆ ನೋಡಿದೆ. ಅವರು ಕಂಬಿ ಹಿಡಿದ ತಮ್ಮ ಕೈ ನೋಡುತ್ತಿದ್ದರು. ಗಿಡ ಇರಲಿಲ್ಲ ಎಂದು ನಾನು ಹೇಳಿದ್ದರೆ ಅವರನ್ನು ಬಿಟ್ಟುಬಿಡುತ್ತಿದ್ದರೇನೋ. ಪ್ರಮಾಣ ಮಾಡಿ ನಿಂತಿದ್ದೆ. ಅದಕ್ಕಿಂತ ಹೆಚ್ಚಾಗಿ, ಸುಳ್ಳು ಹೇಳುವ ತಯಾರಿ ನಾನು ಮಾಡಿಕೊಂಡು ಬಂದಿರಲಿಲ್ಲ.

“ಗಿಡ ಇದ್ದವು” ಎಂದೆ. ತಡಮಾಡದೆ ಮುಂದುವರಿಸಿದೆ. “ಸ್ವಾಮಿ, ಗಿಡದ ಬೇರಿಗೆ ಹಸಿ ಮಣ್ಣು—”

“ಕೇಳಿದ್ದಕ್ಕಷ್ಟೇ ಉತ್ತರ ಹೇಳಿ” ಎಂದರು ನ್ಯಾಯಾಧೀಶರು. ಸಿಟ್ಟೇನೂ ಇರಲಿಲ್ಲ ಆ ದನಿಯಲ್ಲಿ. ದಿನಕ್ಕೆ ಎಷ್ಟೋ ಜನರಿಗೆ ಹೇಳುವ ಮಾತು. ವಕೀಲರು “ಬೇರೆ ಪ್ರಶ್ನೆ ಇಲ್ಲ” ಎಂದು ಕೂತರು. ಟೈಪು ಮಾಡಿದ ಹಾಳೆ ನನ್ನ ಮುಂದೆ ಬಂತು, ಅದಕ್ಕೂ ಸಹಿ ಮಾಡಿದೆ. ಕಟಕಟೆಯಲ್ಲಿ ನಾನಿದ್ದದ್ದು ಹದಿನೈದು ನಿಮಿಷವೂ ಇಲ್ಲ.

ಹೊರಗೆ ವರಾಂಡದಲ್ಲಿ ವಕೀಲರನ್ನು ಹಿಡಿದು ಕೇಳಿದೆ, ಮಣ್ಣಿನ ವಿಷಯ ಯಾಕೆ ಕೇಳಲಿಲ್ಲ ಎಂದು.

“ಮಣ್ಣು ಇತ್ತು ಅಂದ್ರ ಗಿಡ ಇತ್ತು ಅಂತ ನಾವ ಒಪ್ಪಿದಂಗಲ್ರಿ? ಗಿಡನ ಇರಲಿಲ್ಲ ಅನ್ನೂದು ನಮ್ಮ ವಾದ. ಅರ್ಧ ಒಪ್ಪಿ ಅರ್ಧ ಬಿಡಾಕ ಬರೂದಿಲ್ಲ” ಎಂದರು. ಅವರ ಕೈಯಲ್ಲಿ ಇನ್ನೂ ನಾಲ್ಕು ಫೈಲುಗಳಿದ್ದವು.

ಅಮ್ಮ ಬಂದು ನಿಂತರು. ಒಳಗಿನ ಮಾತು ಅವರಿಗೆ ಪೂರ್ತಿ ಕೇಳಿಸಿರಲಿಲ್ಲ. “ಹೇಳಿದ್ರೇನ್ರಿ?” ಎಂದರು.

“ಹೇಳಾಕ ಹೋದ್ನಿ ಅಮ್ಮಾರ. ಹೇಳಗೊಡಲಿಲ್ಲ.”

ಆಕೆ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸೆರಗು ಸರಿಮಾಡಿಕೊಂಡು, ಮೂರು ಗಂಟೆಯ ಬಸ್ಸು ಹೋಗಿಬಿಡುತ್ತದೆ ಎಂದು ನಡೆದರು.

ಅಜ್ಜನಿಗೆ ಹತ್ತು ವರ್ಷ ಶಿಕ್ಷೆಯಾಯಿತು. ಮಗಳ ಗಂಡನ ಮನೆಯವರು ಓಡಾಡಿ ಮೇಲಿನ ಕೋರ್ಟಿಗೆ ಹಾಕಿದರು. ಅಲ್ಲಿ ಇನ್ನೂ ಮೂರು ವರ್ಷ ಹೋಯಿತು. ಪರೀಕ್ಷೆಗೆ ಕಳಿಸಿದ ಪೊಟ್ಟಣದ ಮೊಹರಿಗೂ ಪಂಚನಾಮೆಯಲ್ಲಿ ಬರೆದ ಮೊಹರಿಗೂ ತಾಳೆಯಾಗುವುದಿಲ್ಲ ಎಂಬ ಕಾರಣಕ್ಕೆ ಬಿಡುಗಡೆಯಾಯಿತು. ಮಣ್ಣಿನ ಮಾತು ಆ ತೀರ್ಪಿನಲ್ಲೂ ಇಲ್ಲ. ನಾನು ಅದರ ಪ್ರತಿ ತರಿಸಿ ಓದಿದ್ದೇನೆ. ಎಲ್ಲ ಸೇರಿ ಆರು ವರ್ಷ ಅವರು ಒಳಗಿದ್ದರು.

ಅವರು ಹೊರಬಂದ ಮೇಲೆ ಎರಡು ವರ್ಷ ನಾನು ಭೇಟಿಯಾಗಲಿಲ್ಲ. ಹೋಗಬೇಕೆಂದು ಹೊರಟು ಬಸ್ ಸ್ಟ್ಯಾಂಡಿನಿಂದ ವಾಪಸು ಬಂದದ್ದುಂಟು. ಭಜನೆಗೆ ಅವರು ಹೋಗುತ್ತಿಲ್ಲ, ಏಕತಾರಿ ಗದ್ದುಗೆಗೆ ಕೊಟ್ಟುಬಿಟ್ಟಿದ್ದಾರೆ ಎಂದು ಆ ಊರಿನವರು ಹೇಳಿದರು. ಅಮಾವಾಸ್ಯೆಗೆ ಕೂಡುವ ಉಳಿದವರು ಈಗ ಪೇಟೆಯಿಂದ ಪೊಟ್ಟಣ ತರುತ್ತಾರೆ, ಅದನ್ನು ಸೇದಿದರೆ ಮರುದಿನ ತಲೆ ಎತ್ತಲಾಗುವುದಿಲ್ಲ ಎಂದೂ ಹೇಳಿದರು.

ನನಗೆ ಕುಷ್ಟಗಿ ತಾಲೂಕಿಗೆ ವರ್ಗವಾದ ಮೇಲೆ, ತಾವರಗೇರಾದಲ್ಲಿ ಸಂತೆಯ ದಿನ, ಚಹಾದಂಗಡಿಯಲ್ಲಿ ಅಜ್ಜ ಸಿಕ್ಕರು. ಮೆಣಸಿನ ಬೀಜಕ್ಕೆ ಬಂದಿದ್ದರಂತೆ. ನಾನು ತಪ್ಪಿಸಿಕೊಳ್ಳುವ ಮೊದಲೇ “ಬರ್ರಿ ಸಾಹೇಬ್ರ” ಎಂದು ಬೆಂಚಿನ ಮೇಲೆ ಸರಿದು ಜಾಗ ಕೊಟ್ಟರು. ಅಂಗಡಿಯ ಟಿವಿಯಲ್ಲಿ ಅದೇ ಚರ್ಚೆ ನಡೆದಿತ್ತು, ಗಾಂಜಾಕ್ಕೆ ಕಾನೂನಿನ ಪರವಾನಗಿ ಕೊಡಬೇಕೋ ಬೇಡವೋ ಎಂದು. ಔಷಧಿಗೆ ಬೇಕು ಎಂದು ಒಬ್ಬರು, ಮಕ್ಕಳು ಹಾಳಾಗುತ್ತಾರೆ ಎಂದು ಇನ್ನೊಬ್ಬರು. ಪಕ್ಕದ ಬೆಂಚಿನವರು ಇಬ್ಬರು ತಾವೂ ವಾದಕ್ಕೆ ಬಿದ್ದಿದ್ದರು. ಅವರಲ್ಲಿ ಒಬ್ಬನಿಗೆ ನನ್ನ ಗುರುತಿತ್ತು.

“ಸರ, ನೀವು ಅಗ್ರಿಕಲ್ಚರ್‌ನವ್ರು. ನೀವ ಹೇಳ್ರಿ, ಬಿಡಬೇಕೋ ಬ್ಯಾಡೋ?”

ಒಂದು ಪಕ್ಕದಲ್ಲಿ ಅಜ್ಜ ಬಸಿಯಲ್ಲಿ ಚಹಾ ಊದಿಕೊಂಡು ಕುಡಿಯುತ್ತಿದ್ದರು. ನನ್ನ ಕೈಚೀಲದಲ್ಲಿ ತಮ್ಮನ ಒಂದು ತಿಂಗಳ ಗುಳಿಗೆಗಳಿದ್ದವು. “ನನಗ ತಿಳಿಯೂದಿಲ್ರಿ” ಎಂದೆ. ಅವನು ನಕ್ಕ, ಸರ್ಕಾರಿ ನೌಕರರು ಹೀಗೇ ಎನ್ನುವಂತೆ. ನಿಜವಾಗಿ ನನಗೆ ತಿಳಿದಿರಲಿಲ್ಲ. ಇಂದಿಗೂ ತಿಳಿದಿಲ್ಲ.

ಅವರಿಬ್ಬರೂ ಎದ್ದು ಹೋದ ಮೇಲೆ ನಾನು ಅಜ್ಜನಿಗೆ ಹೇಳಿದೆ. “ಅಜ್ಜಾ, ಅವತ್ತು ನಾ ಸಹಿ ಮಾಡಬಾರ್ದಿತ್ತು.”

“ನೀವು ಮಾಡ್ಲಿಲ್ಲ ಅಂದ್ರ ಇನ್ನೊಬ್ರನ್ನ ತರ್ತಿದ್ರು” ಎಂದರು. ಕ್ಷಮಿಸಿದ ದನಿಯೂ ಅಲ್ಲ, ಸಿಟ್ಟೂ ಅಲ್ಲ. ಬಸಿ ಕೆಳಗಿಟ್ಟು ಕೇಳಿದರು. “ನಿಮ್ಮ ತಮ್ಮಗ ಆರಾಮಿಲ್ಲಂತ ಕೇಳಿದ್ನಿ. ಅದನ್ನ ಸೇದಿ ಹಂಗಾಗ್ಯಾನಂತ. ಹೌದೇನ್ರಿ?”

“ಹಂಗ ಅಂತಾರ. ಡಾಕ್ಟರಿಗೂ ಖರೇ ಗೊತ್ತಿಲ್ಲ.”

“ನಮ್ಮ ಗದ್ದಿಗಿಗೆ ಗಂಗಾವತಿ ಕಡಿಯವ್ರೂ ಬರ್ತಿದ್ರು. ಒಬ್ಬೊಬ್ರು ಪ್ರಸಾದ ಅಂತ ಕಟ್ಕೊಂಡು ಒಯ್ತಿದ್ರು. ನಾ ಬ್ಯಾಡ ಅಂತಿರಲಿಲ್ಲ.” ಆಮೇಲೆ, “ನನ್ನ ಹೊಲದ್ದೇನರ ಅವ್ನ ಕೈಗೆ ಹೋಗಿತ್ತೇನ್ರಿ?” ಎಂದರು.

“ಇಲ್ಲ ಅಜ್ಜಾ. ಅವ ಸೇದಾಕ ಹತ್ತೂದಕ್ಕಿಂತ ಮೊದಲ ನೀವು ಒಳಗಿದ್ರಿ.”

ಅದು ನಿಜವೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ತಮ್ಮ ಯಾವಾಗ ಶುರುಮಾಡಿದ ಎಂದು ನಾನು ಕೇಳಿರಲೇ ಇಲ್ಲ. ಅಜ್ಜ ನಂಬಿದಂತೆ ಕಾಣಲಿಲ್ಲ. ಜೈಲಿನಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದೆ, ಯಾರ್‍ಯಾರು ಕಟ್ಟಿಕೊಂಡು ಹೋದರು ಎಂದು ಒಬ್ಬೊಬ್ಬರ ಮುಖ ನೆನಪು ಮಾಡಿಕೊಳ್ಳುತ್ತಿದ್ದೆ ಎಂದರು. ನಾನು ಮತ್ತೊಮ್ಮೆ “ಇಲ್ಲ” ಎಂದೆ. ಅವರು “ಆತು ಬಿಡ್ರಿ” ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು.

ಮೆಣಸಿನ ಬೀಜ ಯಾವುದು ಒಳ್ಳೆಯದು ಎಂದು ಕೇಳಿದರು. ಹೇಳಿದೆ. ಅಂಗಡಿಯ ತನಕ ಜೊತೆಗೆ ಹೋಗಿ, ಪೊಟ್ಟಣದ ಮೇಲಿನ ತಾರೀಖು ನೋಡಿ ಕೊಡಿಸಿದೆ. ಅದೊಂದು ನನ್ನಿಂದ ಆಗುವ ಕೆಲಸವಾಗಿತ್ತು.